ಎರಡನೇ ಸಿಟಿಂಗ್ ಆದಮೇಲೆ ಬರಲಿಲ್ಲ

(ನಾನು ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇನೆ.)

ಮೊದಲ ದಿನ ಶಿವರಾಯರಿಗಿಂತ ಮುಂಚೆ ಒಳಗೆ ಬಂದವರು ಅವರ ಕಾಕಾ. "ಇವ ಭಾಳ ವಿಚಾರ ಮಾಡ್ತಾನ್ರಿ ಮೇಡಂ. ಸ್ವಲ್ಪ ಬೈದು ಬುದ್ಧಿ ಹೇಳ್ರಿ. ಇವತ್ತೇ ಮುಗಸ್ರಿ, ಮಿಲ್‌ದಾಗ ಸೀಸನ್ ಅದ" ಎಂದರು. ಜನವರಿ ತಿಂಗಳು. ಹೊಸ ತೊಗರಿ ಬಂದು ಬೀಳುವ ಕಾಲ. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮೂವತ್ತರ ಆಳು ಒಂದು ತಾಸು ಬಿಟ್ಟು ಬರುವುದೂ ಕಷ್ಟವೇ. ಆದರೂ ಕಾಕಾಗೆ ಹೊರಗಿನ ಬೆಂಚು ತೋರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ.

ಶಿವರಾಯರ ಕೈಯಲ್ಲಿ ದಪ್ಪ ಫೈಲು. ಎಂಟು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಉಸಿರು ಕಟ್ಟುತ್ತದೆ, ಈಗಲೇ ಜೀವ ಹೋಯಿತು ಅನ್ನಿಸುತ್ತದೆ. ಇಸಿಜಿ ಎರಡು ಸಲ, ಎಕೋ ಒಂದು ಸಲ, ಥೈರಾಯ್ಡ್, ಹಿಮೋಗ್ಲೋಬಿನ್, ಎಲ್ಲವೂ ಸರಿ ಇದ್ದವು. ಒಬ್ಬರು ಗ್ಯಾಸ್ ಅಂದಿದ್ದರು. ಶರಣಬಸವೇಶ್ವರರ ಗುಡಿಗೆ ಕಾಯಿ ಒಡೆಸಿ, ಬಂದೇನವಾಜ ದರ್ಗಾದಲ್ಲಿ ಚಾದರ ಹೊದಿಸಿಯೂ ಆಗಿತ್ತು. ಅದಕ್ಕೆ ನಾನು ಹೂಂ ಅಂದೆ, ಬೇಡ ಅನ್ನುವ ಕಾರಣವಿರಲಿಲ್ಲ. ಆದರೆ ಫೈಲನ್ನು ಪೂರ್ತಿ ನೋಡಿದೆ. ಎದೆನೋವನ್ನು ಡಾಕ್ಟರು ನೋಡುವ ಮೊದಲೇ 'ಮನಸ್ಸಿನದು' ಅನ್ನುವ ಆಪ್ತಸಲಹೆಗಾರರ ಹತ್ತಿರ ನೀವು ಹೋಗಬೇಡಿ.

ಬಾಗಿಲು ಹಾಕಿದ ಮೇಲೆ ಅವರ ಮೊದಲ ಮಾತು, "ನಾ ಹುಚ್ಚ ಅಲ್ರಿ ಮೇಡಂ." ಎರಡನೆಯದು, "ನೀವು ಬರ್ಕೋಳ್ಳಾಕತ್ತೀರಲ್ಲ, ಅದನ್ನ ಯಾರ್ ನೋಡ್ತಾರ್ರಿ?"

ಎರಡನೇ ಪ್ರಶ್ನೆ ಬಹಳ ಒಳ್ಳೆಯದು. ಪ್ರತಿಯೊಬ್ಬರೂ ಮೊದಲ ದಿನವೇ ಕೇಳಬೇಕಾದದ್ದು. ಹಾಳೆ ನನ್ನ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ, ಕಾಕಾ ಕೇಳಿದರೂ ಮಾಲೀಕರು ಕೇಳಿದರೂ ಹೇಳುವುದಿಲ್ಲ ಎಂದೆ. ಮಾನಸಿಕ ಆರೋಗ್ಯದ ಮಾಹಿತಿ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಗುಟ್ಟು ಮುರಿಯುವ ಸಂದರ್ಭಗಳೂ ಇವೆ, ಅವನ್ನೂ ಹೇಳಿದೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ನಾನು ಸುಮ್ಮನಿರಲು ಬರುವುದಿಲ್ಲ.

ಆ ದಿನ ಪೂರ್ತಿ ಕೇಳುವುದರಲ್ಲೇ ಹೋಯಿತು. ನಿದ್ದೆ, ಊಟ, ಕುಡಿತ, ತಂಬಾಕು, ಮನೆಯಲ್ಲಿ ಯಾರ್ಯಾರು, ಸಾಲ ಇದೆಯಾ. ಚಹಾ ದಿನಕ್ಕೆ ಎಂಟು ಕಪ್ಪು ಅಂದರು, ಮಿಲ್ಲಿನಲ್ಲಿ ಕೊಟ್ಟಷ್ಟೂ. ಸಾಯಬೇಕು ಅನ್ನಿಸಿದೆಯಾ ಎಂದು ಕೇಳಿದಾಗ ಬೆಚ್ಚಿದರು. ಈ ಪ್ರಶ್ನೆ ನಾನು ಎಲ್ಲರಿಗೂ ಕೇಳುತ್ತೇನೆ. ಕೇಳಿದ್ದರಿಂದ ಆ ವಿಚಾರ ಯಾರ ತಲೆಗೂ ಹೊಸದಾಗಿ ಹೋಗುವುದಿಲ್ಲ. ಹಾಗೇನಿರಲಿಲ್ಲ, ಸಾಯುವ ಭಯವೇ ಇತ್ತು.

"ಎಷ್ಟ್ ಸಲ ಬರಬೇಕ್ರಿ?" ವಾರಕ್ಕೊಮ್ಮೆ, ನಲವತ್ತೈದರಿಂದ ಐವತ್ತು ನಿಮಿಷ. ಇಂಥ ಗಾಬರಿಗೆ (ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ) ಹತ್ತು ಹನ್ನೆರಡು ಸಿಟಿಂಗ್ ಹಿಡಿಯಬಹುದು. ನಾಲ್ಕು ಆದಮೇಲೆ ಇಬ್ಬರೂ ಕೂತು ನೋಡೋಣ, ಉಪಯೋಗ ಕಾಣದಿದ್ದರೆ ಬೇರೆಯವರ ಹತ್ತಿರ ಕಳಿಸುತ್ತೇನೆ. ನಾನು ಗುಳಿಗೆ ಬರೆಯುವವಳಲ್ಲ, ಬೇಕಾದರೆ ಮನೋವೈದ್ಯರನ್ನು ಕಾಣಬೇಕಾಗುತ್ತದೆ. ಇಷ್ಟು ಹೇಳಿದೆ. ಫೀಸು ಎಷ್ಟು, ಬರಲಾಗದಿದ್ದರೆ ಯಾವಾಗ ತಿಳಿಸಬೇಕು ಎಂಬುದನ್ನೂ ಆಗಲೇ ಮಾತಾಡಿಕೊಂಡೆವು. ಇದನ್ನು ಮೊದಲೇ ಹೇಳದೆ 'ಬರ್ತಾ ಇರಿ ನೋಡೋಣ' ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಒಂದನ್ನು ಮಾತ್ರ ಹೇಳುವುದು ಮರೆತೆ. ಅದರ ಬೆಲೆ ತೆತ್ತವರು ಅವರು.

ಎರಡನೇ ಸಿಟಿಂಗ್‌ನಲ್ಲಿ ಅಪ್ಪನ ಮಾತು ಬಂತು. ಆರು ವರ್ಷದ ಹಿಂದೆ ಎದೆನೋವೆಂದು ಅಪ್ಪನನ್ನು ಜೀಪಿನಲ್ಲಿ ಸೊಲ್ಲಾಪುರದ ಆಸ್ಪತ್ರೆಗೆ ಒಯ್ಯುತ್ತಿದ್ದರಂತೆ. ತಲೆ ಇವರ ತೊಡೆಯ ಮೇಲೆ ಇತ್ತು. ದಾರಿಯಲ್ಲೇ ಹೋದರು. "ಅಳಲಿಕ್ಕ ಟೈಮ್ ಸಿಗಲಿಲ್ರಿ, ಮಂದಿಗೆ ಫೋನ್ ಮಾಡೂದ್ರಾಗೇ ಆತು" ಎನ್ನುತ್ತ ಅತ್ತರು. ಗಡಿಯಾರ ನೋಡಿದರೆ ಐದೇ ನಿಮಿಷ ಉಳಿದಿತ್ತು. ಮುಂದಿನವರು ಹೊರಗೆ ಕಾಯುತ್ತಿದ್ದರು. ಕಣ್ಣೊರೆಸಿಕೊಂಡು ಕಾಕಾನ ಎದುರು ನಡೆದುಹೋದರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕಾಕಾ ಮಾತ್ರ ಫೋನ್ ಮಾಡಿದರು, "ಅವ ಏನ್ ಹೇಳಿದ್ನ್ರಿ? ಮನಿಯಾಗ ಮಾತೇ ಆಡವಲ್ಲ." ಅವರನ್ನೇ ಕೇಳ್ರಿ ಕಾಕಾ, ಎಂದೆ.

ಮೂರನೇ ವಾರ ಶಿವರಾಯರೇ ಬಂದರು. "ಖರೇ ಹೇಳ್ಲೇನ್ರಿ? ಇಲ್ಲಿ ಬಂದಮ್ಯಾಲೆ ಜಾಸ್ತಿನೇ ಆಗ್ಯಾದ. ಮೊದಲು ಎದಿ ಅಷ್ಟೇ ಹೊಡ್ಕೋತಿತ್ತು. ಈಗ ಅಪ್ಪ ಕನಸಿನಾಗ ಬರಲತ್ತಾನ."

ತಪ್ಪು ನನ್ನದೆಂದು ಅವರಿಗೆ ಹೇಳಿದೆ. ಎಂದೂ ಆಡದ ಮಾತು ಆಡಿದ ಮೇಲೆ ಎರಡು ಮೂರು ದಿನ ಮೈಮನಸ್ಸು ಭಾರವಾಗುವುದುಂಟು, ನಿದ್ದೆ ಕೆಡುವುದುಂಟು. ಇನ್ನು ಅಲ್ಲಿಗೆ ಹೋಗಲೇಬಾರದು ಅನ್ನಿಸುವುದೂ ಉಂಟು. ಅದನ್ನು ಮುಂಚೆಯೇ ಹೇಳಬೇಕಿತ್ತು, ಕೊನೆಯ ಹತ್ತು ನಿಮಿಷ ಸಮಾಧಾನಕ್ಕೆ ಬಿಡಬೇಕಿತ್ತು. ಅಂದಿನಿಂದ ಹಾಗೆ ಮಾಡುತ್ತೇನೆ. ನೀವು ಚಿಕಿತ್ಸೆ ಶುರು ಮಾಡುವವರಾದರೆ ನನ್ನ ಸಲಹೆ ಇದು: ಬಿಡಬೇಕು ಅನ್ನಿಸಿದರೆ ಇನ್ನೊಂದು ಸಲ ಹೋಗಿ, 'ಬಿಡಬೇಕು ಅನ್ನಿಸ್ತಿದೆ' ಅನ್ನುವುದನ್ನೇ ನಿಮ್ಮ ಆಪ್ತಸಲಹೆಗಾರರ ಮುಂದೆ ಹೇಳಿ. ನೀವು ಮಾತಾಡಿದ್ದು ಅವರಿಗೆ ಹಿಡಿಸದಿದ್ದರೆ, ಬೈದರೆ, ಧರ್ಮ ಜಾತಿ ಎತ್ತಿ ಮಾತಾಡಿದರೆ ಅದು ಬೇರೆ. ಆಗ ಬಿಟ್ಟುಬಿಡಿ. ಭಾರ ವಾರಗಟ್ಟಲೆ ಇಳಿಯದಿದ್ದರೂ ಸಹಿಸಿಕೊಂಡು ಕೂರಬೇಡಿ, ಹೇಳಿ. ರಾತ್ರಿ ತಡೆಯಲಾಗದಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಆಮೇಲಿನ ಕೆಲಸ ಬೇಗ ಸಾಗಿತು. ಗಾಬರಿ ಬಂದಾಗಲೆಲ್ಲ ಯಾವಾಗ, ಎಲ್ಲಿ, ಏನಾಗುತ್ತದೆಂದು ಹೆದರಿದೆ, ಆದದ್ದೇನು ಎಂದು ಬರೆದಿಡಲು ಹೇಳಿದೆ. ಅವರು ಕೆಂಪು ಬಟ್ಟೆಯ ಕಿರ್ದಿ ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡು ಬಂದರು! ಮೂರು ವಾರಕ್ಕೆ ಹನ್ನೊಂದು ಸಲ. ಯಾವುದೂ ಕಾಲು ತಾಸು ದಾಟಿರಲಿಲ್ಲ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಆಮೇಲೆ ಇಳಿಯುತ್ತದೆಂದು ನಾನು ಹೇಳಿದ್ದಕ್ಕಿಂತ ಅವರ ಲೆಕ್ಕವೇ ಅವರಿಗೆ ಖಾತ್ರಿ ಕೊಟ್ಟಿತು.

ಜೇಬಿನಲ್ಲಿ ನಾಲಗೆಯ ಕೆಳಗಿಡುವ ಹೃದಯದ ಗುಳಿಗೆ ಇರುತ್ತಿತ್ತು, ಪಕ್ಕದ ಮನೆಯ ಹಿರಿಯರು ಕೊಟ್ಟದ್ದು. ಬಿಪಿ ಇಳಿಸಿ ತಲೆ ತಿರುಗಿಸುವ ಮದ್ದು ಅದು. ಡಾಕ್ಟರಿಗೆ ತೋರಿಸಿ ಬನ್ನಿ ಎಂದೆ, ಆ ಗುಳಿಗೆ ಬೇಡವೆಂದು ಡಾಕ್ಟರು ಹೇಳಿದರು. ಚಹಾ ಮೂರು ಕಪ್ಪಿಗೆ ಇಳಿಯಿತು. ಎದೆ ಹೊಡೆದುಕೊಂಡರೂ ತಾನೇ ಇಳಿಯುತ್ತದೆಂದು ಅವರಿಗೇ ಗೊತ್ತಾಗಲೆಂದು, ಡಾಕ್ಟರ ಒಪ್ಪಿಗೆಯ ಮೇಲೆ ನನ್ನ ಕೋಣೆಯಲ್ಲೇ ನಿಂತಲ್ಲೇ ಒಂದು ನಿಮಿಷ ಓಡಿದರು. ಎದೆ ಹೊಡೆದುಕೊಂಡಿತು. ಜೇಬು ಮುಟ್ಟದೆ, ನೀರು ಕೇಳದೆ, ತಾನೇ ಇಳಿಯುವವರೆಗೆ ಇಬ್ಬರೂ ಸುಮ್ಮನೆ ಕೂತೆವು. ಇದನ್ನು ಓದಿ ಮನೆಯಲ್ಲಿ ಒಬ್ಬರೇ ಮಾಡಿ ನೋಡಬೇಡಿ.

ಏಪ್ರಿಲ್‌ನಲ್ಲಿ ಆಳಂದಕ್ಕೆ ಮದುವೆಗೆಂದು ಬಸ್ಸಿನಲ್ಲಿ ಹೋದರು, ಬಾಗಿಲ ಪಕ್ಕದ ಸೀಟು ಬಿಟ್ಟು ಹಿಂದೆ ಕೂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಎಲ್ಲರಿಗೂ ಬೆವರು, ಎಲ್ಲರಿಗೂ ಎದೆ ಡವಡವ. ಅರ್ಧ ದಾರಿಯಲ್ಲಿ ಇಳಿದುಬಿಡಲೇ ಅನ್ನಿಸಿತಂತೆ. ಇಳಿಯಲಿಲ್ಲ. ಅಪ್ಪನ ಮಾತು ಮಾತ್ರ ಇನ್ನೂ ಮುಗಿದಿಲ್ಲ. ಅದಕ್ಕೆಂದು ತಿಂಗಳಿಗೊಮ್ಮೆ ಬರುತ್ತಾರೆ.

ನನ್ನ ಕೋಣೆ ಇರುವುದು ಹಲ್ಲಿನ ದವಾಖಾನೆಯ ಮೇಲಿನ ಮಹಡಿಯಲ್ಲಿ. ಮಿಲ್ಲಿನಲ್ಲಿ ಅವರು ಹಲ್ಲು ತೋರಿಸಲು ಹೋಗುತ್ತೇನೆಂದು ಹೇಳಿದ್ದರಂತೆ. ಕಳೆದ ಸಲ ನಗುತ್ತ ಹೇಳಿದರು: ಜೊತೆಗಾರ, "ಏನೋ, ನಾಲ್ಕ್ ತಿಂಗಳಾತು, ಒಂದು ಹಲ್ಲಿಗೆ ಎಷ್ಟ್ ಸಿಟಿಂಗ್?" ಎಂದು ಕೇಳಿದನಂತೆ. "ಬೇರು ಭಾಳ ಆಳ ಅದ ಅಂತ ಹೇಳೀನ್ರಿ."