ಕಂಪನಿಯೇ ವಾಪಸ್ ತೆಗೆದುಕೊಂಡ ಕಾರು ಕೊಳ್ಳಬಹುದೇ?

ಅಮೆರಿಕದಲ್ಲಿರುವ ಕನ್ನಡಿಗರು ಕಳಿಸುವ ಪ್ರಶ್ನೆಗಳಲ್ಲಿ ಇದು ಎಷ್ಟು ಸಲ ಬಂದಿದೆಯೆಂದರೆ, ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ. ಈ ಸಲದ ಅಂಕಣ ಬಹುಪಾಲು ಇದಕ್ಕೇ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಎರಡು ವರ್ಷ ಹಳೆಯ ಬಿಳಿ ಎಸ್‌ಯುವಿ ನೋಡಿದ್ದೇವೆ. ಅದೇ ಮಾಡೆಲ್‌ನ ಬೇರೆ ಕಾರುಗಳಿಗಿಂತ ಆರು ಸಾವಿರ ಡಾಲರ್ ಕಡಿಮೆ. ಟೈಟಲ್ (ಮಾಲೀಕತ್ವದ ಪತ್ರ) ಮೇಲೆ ‘ಲೆಮನ್ ಲಾ ಬೈಬ್ಯಾಕ್’ ಎಂದಿದೆ. ಅಂದರೆ ಎಷ್ಟು ರಿಪೇರಿ ಮಾಡಿದರೂ ಸರಿಹೋಗದ ‘ಲೆಮನ್’ ಕಾರು ಎಂದು ಕಾನೂನಿನಂತೆ ವಾಪಸ್ ಹೋದದ್ದು. ಕಂಪನಿಯೇ ವಾಪಸ್ ತೆಗೆದುಕೊಂಡು ಎಲ್ಲ ಸರಿಮಾಡಿದೆ, ಒಂದು ವರ್ಷ ವಾರಂಟಿಯೂ ಇದೆ ಎನ್ನುತ್ತಾರೆ ಡೀಲರ್. ಕೊಳ್ಳೋಣವೇ?

ಉತ್ತರ: ಬೆಲೆ ಬರೆದಿದ್ದೀರಿ, ಬಣ್ಣವನ್ನೂ ಬರೆದಿದ್ದೀರಿ. ಯಾವ ದೋಷಕ್ಕೆ ವಾಪಸ್ ಹೋಯಿತು ಅನ್ನುವುದನ್ನು ಮಾತ್ರ ಬರೆದಿಲ್ಲ. ಇದನ್ನು ಕೇಳುವವರೆಲ್ಲ ಹೀಗೇ ಮಾಡುತ್ತಾರೆ. ದೋಷ ಯಾವುದೆಂದು ಗೊತ್ತಿಲ್ಲದೆ ಇದಕ್ಕೆ ಉತ್ತರವೇ ಇಲ್ಲ.

ಅದನ್ನು ತಿಳಿಯಲು ಪತ್ತೇದಾರಿಕೆ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರು ಮಾರುವ ಮುಂಚೆ ನಿಮಗೆ ಒಂದು ನೋಟಿಸ್ ಕೊಟ್ಟು ಸಹಿ ಹಾಕಿಸಿಕೊಳ್ಳಲೇಬೇಕು. ಮೊದಲ ಮಾಲೀಕರು ಹೇಳಿದ ದೋಷಗಳೇನು, ಏನೇನು ರಿಪೇರಿಯಾಯಿತು, ಎಲ್ಲ ಅದರಲ್ಲಿರುತ್ತದೆ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಬೈಬ್ಯಾಕ್ ಎಂಬ ಸ್ಟಿಕರ್ ಕೂಡ ಇರಬೇಕು. ಬೆರಳಾಡಿಸಿ ನೋಡಿ. ಸ್ಟಿಕರ್ ಇರಬೇಕಾದ ಕಡೆ ಬರೀ ಅಂಟು ಸಿಕ್ಕಿದರೆ ಯಾರೋ ಕಿತ್ತಿದ್ದಾರೆ. ಕೀಳುವುದು ಕಾನೂನಿಗೆ ವಿರುದ್ಧ. ಅಂಥವರ ಹತ್ತಿರ ಚೌಕಾಸಿಗೂ ನಿಲ್ಲಬೇಡಿ.

ನೋಟಿಸ್‌ನಲ್ಲಿ ಸ್ಕ್ರೀನ್ ಆಗಾಗ ಕಪ್ಪಾಗುತ್ತದೆ, ಪವರ್ ಸೀಟ್ ಕೆಲಸ ಮಾಡುವುದಿಲ್ಲ ಅಂತಿದ್ದು, ಆ ಭಾಗವನ್ನೇ ಬದಲಿಸಿದ ದಾಖಲೆಯಿದ್ದರೆ ಮುಂದಕ್ಕೆ ಮಾತಾಡಬಹುದು. ಕೇಸು ನಡೆಸುವುದಕ್ಕಿಂತ ಕಾರು ವಾಪಸ್ ತೆಗೆದುಕೊಳ್ಳುವುದೇ ಅಗ್ಗ ಅಂತ ಕಂಪನಿಗಳು ಸಣ್ಣ ದೋಷಕ್ಕೂ ಒಪ್ಪಿಕೊಳ್ಳುವುದುಂಟು. ಆದರೆ ಓಡುತ್ತಿದ್ದಾಗಲೇ ಇಂಜಿನ್ ಆಫ್ ಆಗುವುದು, ಗೇರ್‌ಬಾಕ್ಸ್ ಜರ್ಕ್ ಹೊಡೆಯುವುದು, ಬ್ರೇಕು, ಏರ್‌ಬ್ಯಾಗ್, ವೈರಿಂಗ್‌ಗೆ ನೀರು ಇಳಿದದ್ದು ಇವುಗಳಲ್ಲಿ ಒಂದಿದ್ದರೂ ಎದ್ದು ಬನ್ನಿ. ಆರು ಸಾವಿರವಲ್ಲ, ಹತ್ತು ಸಾವಿರ ಇಳಿಸಿದರೂ ಬೇಡ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ಕಾನೂನು ಒಂದು ಕಾರನ್ನು ಲೆಮನ್ ಎಂದು ಭಾವಿಸುವುದು ಯಾವಾಗ ನೋಡಿ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ, ಪ್ರಾಣಕ್ಕೆ ಅಪಾಯವಿರುವ ದೋಷಕ್ಕೆ ಎರಡು ಸಲ ರಿಪೇರಿಗೆ ಹೋಗಿಯೂ ಸರಿಯಾಗದಿದ್ದಾಗ, ಇಲ್ಲವೇ ಒಟ್ಟು 30 ದಿನಕ್ಕಿಂತ ಹೆಚ್ಚು ವರ್ಕ್‌ಶಾಪಿನಲ್ಲೇ ಬಿದ್ದಿದ್ದಾಗ. ಕಂಪನಿಯ ತರಬೇತಿ ಪಡೆದ ಮೆಕ್ಯಾನಿಕ್‌ಗಳಿಗೇ ನಾಲ್ಕು ಸಲ ಬಗ್ಗದ ದೋಷ ಐದನೇ ಸಲ ಹೋಗೇ ಹೋಯಿತು ಅನ್ನುವುದಕ್ಕೆ ಡೀಲರ್ ಬಾಯಿಮಾತು ಬಿಟ್ಟು ಏನಿದೆ? ಕೊನೆಯ ರಿಪೇರಿಯ ಬಿಲ್ ಕೇಳಿ. ‘ದೋಷ ಕಾಣಿಸಲಿಲ್ಲ’, ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ’ ಅಂತಷ್ಟೇ ಇದ್ದರೆ ಏನೂ ರಿಪೇರಿಯಾಗಿಲ್ಲ ಅಂತಲೇ ತಿಳಿಯಿರಿ.

ಇನ್ನು ಆ ಒಂದು ವರ್ಷದ ವಾರಂಟಿ. ಅದು ಇರುವುದು ನೋಟಿಸ್‌ನಲ್ಲಿ ಬರೆದ ದೋಷಕ್ಕೆ ಮಾತ್ರ, ಇಡೀ ಕಾರಿಗಲ್ಲ. ಹಳೇ ವಾರಂಟಿ ಉಳಿದಿದೆಯಲ್ಲ, ಕೆಟ್ಟರೆ ನಾವೂ ಲೆಮನ್ ಕೇಸ್ ಹಾಕಿ ದುಡ್ಡು ವಾಪಸ್ ಪಡೆಯೋಣ ಅನ್ನುವ ಲೆಕ್ಕವನ್ನೂ ಬಿಡಿ. 2024ರ ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಮೊದಲಿನ ವಾರಂಟಿ ಇನ್ನೂ ಮುಗಿದಿಲ್ಲ ಎಂಬ ಒಂದೇ ಕಾರಣಕ್ಕೆ ಸೆಕೆಂಡ್‌ಹ್ಯಾಂಡ್ ಕಾರು ಆ ಕಾನೂನಿನ ಲೆಕ್ಕದಲ್ಲಿ ಹೊಸ ವಾಹನವಾಗುವುದಿಲ್ಲ. ಹಾಗಾಗಿ ಹೊಸ ಕಾರು ಕೊಂಡವರಂತೆ ದುಡ್ಡು ವಾಪಸ್ ಕೇಳಲಾಗದು.

ನೀವು ಎಚ್-1ಬಿ ವೀಸಾದಲ್ಲಿದ್ದರೆ ನನ್ನ ಉತ್ತರ ಇನ್ನೂ ಚಿಕ್ಕದು: ಬೇಡ. ಟೈಟಲ್ ಮೇಲಿನ ಆ ಮುದ್ರೆ ಕಾರು ಇರುವವರೆಗೂ ಹೋಗುವುದಿಲ್ಲ. ಇವತ್ತು ನಿಮಗೆ ಸಿಕ್ಕ ರಿಯಾಯಿತಿಯನ್ನು ನಾಳೆ ನಿಮ್ಮಿಂದ ಕೊಳ್ಳುವವರೂ ಕೇಳುತ್ತಾರೆ, ಸಾಲ ಕೊಡಲು ಕೆಲವು ಬ್ಯಾಂಕುಗಳು ಹಿಂಜರಿಯುತ್ತವೆ. ಕೆಲಸ ಹೋದರೆ, ಬೇರೆ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು ನಿಮಗಿರುವುದು 60 ದಿನ. ಅಷ್ಟರೊಳಗೆ ಮನೆ ಖಾಲಿಮಾಡಿ, ಮಕ್ಕಳ ಶಾಲೆ ಬಿಡಿಸಿ, ಇಂಥ ಕಾರನ್ನೂ ಮಾರಬೇಕು. ಡೀಲರ್ ಹೇಳಿದ ರೇಟಿಗೆ ಕೊಟ್ಟು ವಿಮಾನ ಹತ್ತಿದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಗ್ರೀನ್‌ಕಾರ್ಡ್ ಇದೆ, ಹತ್ತು ವರ್ಷ ಓಡಿಸುತ್ತೇವೆ, ದೋಷವೂ ಸಣ್ಣದು ಅನ್ನುವವರು ಮಾತ್ರ ಯೋಚಿಸಲಿ. ಅವರೂ ಡೀಲರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಲಿ.

ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತು ಡಾಲರ್ ಸ್ಕ್ಯಾನರ್ ಹಿಡಿದು ‘ಕೋಡ್ ಏನೂ ಇಲ್ಲ, ಕಣ್ಣುಮುಚ್ಚಿ ತಗೊಳ್ಳಿ’ ಅನ್ನುವ ಪರಿಣತರಿಗೆ ಮಾತ್ರ ತೋರಿಸಬೇಡಿ. ಕೋಡ್ ಅಂದರೆ ಕಾರಿನ ಕಂಪ್ಯೂಟರ್ ಬರೆದಿಡುವ ದೋಷದ ಗುರುತು, ಅದನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಅಳಿಸಿದಾಗ ಕಾರಿನ ಸ್ವಯಂಪರೀಕ್ಷೆಗಳೂ ಮೊದಲಿನಿಂದ ಶುರುವಾಗುತ್ತವೆ, ಪೂರ್ತಿಯಾಗಲು ಕೆಲವು ದಿನ ಓಡಿಸಬೇಕು. ಅವು ಅರ್ಧಕ್ಕೇ ನಿಂತಿದ್ದರೆ ಮೊನ್ನೆ ಮೊನ್ನೆ ಏನನ್ನೋ ಅಳಿಸಿರುವ ಸಾಧ್ಯತೆಯೇ ಹೆಚ್ಚು. ಆ ಸ್ಕ್ಯಾನರ್ ಪಂಡಿತರು ಆ ಪರೀಕ್ಷೆಗಳ ಪುಟವನ್ನು ತೆರೆಯುವುದೇ ಇಲ್ಲ.

ಪ್ರಶ್ನೆ: ಕಾರಿನ ಹಿಂದಿನ ಇತಿಹಾಸ ತಿಳಿಸುವ ಕಾರ್‌ಫ್ಯಾಕ್ಸ್ ರಿಪೋರ್ಟ್ ಕ್ಲೀನ್ ಇದೆ. ಮತ್ತೆ ಇನ್‌ಸ್ಪೆಕ್ಷನ್ ಯಾಕೆ?

ಉತ್ತರ: ರಿಪೋರ್ಟಿನಲ್ಲಿರುವುದು ಯಾರೋ ವರದಿ ಮಾಡಿದ್ದು ಮಾತ್ರ. ಮಾಡಿಸಿ.

ಪ್ರಶ್ನೆ: ಫೋಕ್ಸ್‌ವ್ಯಾಗನ್ ವಾಪಸ್ ಪಡೆದಿದ್ದ ಡೀಸೆಲ್ ಕಾರೂ ಲೆಮನ್ನೇ?

ಉತ್ತರ: ಅಲ್ಲ. 2015ರಲ್ಲಿ ಸಿಕ್ಕಿಬಿದ್ದ ಹೊಗೆ ಪರೀಕ್ಷೆಯ ಮೋಸಕ್ಕೆ ಆ ಕಾರುಗಳು ವಾಪಸ್ ಹೋದವು, ಕೆಟ್ಟಿದ್ದಕ್ಕಲ್ಲ. ಆದರೆ ಲಕ್ಷಗಟ್ಟಲೆ ಕಾರುಗಳು ಮಿಶಿಗನ್‌ನ ಹಳೇ ಸ್ಟೇಡಿಯಂ, ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ನ ಮರುಭೂಮಿಯಂಥ ಕಡೆ ಬಯಲಲ್ಲೇ ನಿಂತಿದ್ದವು. ಈಗ ಕೊಳ್ಳುವುದಾದರೆ ರಬ್ಬರ್ ಸೀಲ್, ಬ್ರೇಕ್ ಪೈಪ್ ನೋಡಿಸಿ, ಹೊಗೆ ವ್ಯವಸ್ಥೆಯ ಮಾರ್ಪಾಡು ಆಗಿದೆಯೇ ಅಂತ ದಾಖಲೆ ಕೇಳಿ.

ಪ್ರಶ್ನೆ: ಇಲ್ಲಿ ಅಗ್ಗಕ್ಕೆ ಕೊಂಡು, ಊರಿಗೆ ಹಿಂತಿರುಗುವಾಗ ಬೆಂಗಳೂರಿಗೆ ಒಯ್ಯಬಹುದೇ?

ಉತ್ತರ: ಎಡಗಡೆ ಸ್ಟೀರಿಂಗ್ ಇರುವ ಹಳೇ ಕಾರನ್ನು ಭಾರತ ಒಳಗೆ ಬಿಡುವುದಿಲ್ಲ. ಈ ಪ್ರಶ್ನೆ ಇನ್ನು ಕಳಿಸಬೇಡಿ.