ಬಾಹ್ಯಾಕಾಶದ ಓದಿಗೂ ಮುಯ್ಯಾಳು

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. 2 ಎಕರೆ ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ, ಫಿಸಿಕ್ಸ್ ಮತ್ತು ಗಣಿತ. ಬಾಹ್ಯಾಕಾಶದ ಓದಿಗೆ ಅಂತಲೇ ಯುರೋಪಿನಲ್ಲಿ ವಿಶ್ವವಿದ್ಯಾಲಯಗಳ ಒಂದು ಒಕ್ಕೂಟ ಇದೆಯಂತೆ, ಅದಕ್ಕೆ ಇನ್ನೊಂದು ವಿಶ್ವವಿದ್ಯಾಲಯ ಸೇರಿತಂತೆ. ಅಲ್ಲಿ ಓದಬೇಕು ಅನ್ನುತ್ತಾಳೆ. ಹಾಗಂದರೇನು? ನಮ್ಮಂಥವರ ಮಕ್ಕಳಿಗೆ ಸಿಗುತ್ತದಾ? ಒಬ್ಬರು 3 ಲಕ್ಷ ಕೊಟ್ಟರೆ ಸೀಟು ಮಾಡಿಸಿಕೊಡುತ್ತೇನೆ ಎಂದಿದ್ದಾರೆ. ಎಲೆಚುಕ್ಕಿ ರೋಗದಿಂದ ಎರಡು ವರ್ಷ ಫಸಲು ಕೈಗೆ ಹತ್ತಲಿಲ್ಲ. ಸೊಸೈಟಿಯಲ್ಲಿ ಸಾಲ ಮಾಡಲೇ?
– ಒಬ್ಬ ತಂದೆ, ಹೊಸನಗರ ತಾಲ್ಲೂಕು

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಾಲ ಮಾಡಬೇಡಿ. ಆ 3 ಲಕ್ಷ ಯಾರಿಗೂ ಕೊಡಬೇಡಿ. ಅಲ್ಲಿ ಓದುವುದಕ್ಕೆ ಅರ್ಜಿಯನ್ನು ಮಗಳೇ ನೇರವಾಗಿ ಹಾಕಬೇಕು. ಮಾರ್ಕ್ಸ್, ಇಂಗ್ಲಿಷ್ ಪರೀಕ್ಷೆ, ಕಲಿಸಿದವರ ಶಿಫಾರಸು ಪತ್ರ, ತಾನು ಯಾಕೆ ಓದಬೇಕು ಅಂತ ಅವಳೇ ಬರೆದ ಒಂದೆರಡು ಪುಟ. ಇದರಲ್ಲಿ ಯಾವುದನ್ನೂ ದುಡ್ಡು ಕೊಟ್ಟು ಮಾಡಿಸುವುದಕ್ಕೆ ಆಗುವುದಿಲ್ಲ. ಮಾಡಿಸುತ್ತೇನೆ ಅನ್ನುವವರನ್ನು ಮನೆಯ ಜಗುಲಿಯಿಂದಲೇ ಕಳಿಸಿ.

ಈಗ ಒಕ್ಕೂಟದ ವಿಷಯ. ನಿಮ್ಮ ಮಗಳು ಹೇಳಿದ ಒಕ್ಕೂಟದ ಹೆಸರು ಯೂನಿವರ್ಸ್. ಪೂರ್ತಿ ಹೆಸರನ್ನು ಕನ್ನಡದಲ್ಲಿ ಹೇಳಿದರೆ, ಭೂಮಿಗಾಗಿ ಮತ್ತು ಮನುಷ್ಯರಿಗಾಗಿ ಯುರೋಪಿನ ಬಾಹ್ಯಾಕಾಶ ವಿಶ್ವವಿದ್ಯಾಲಯ. 2020ರಲ್ಲಿ ಐದು ವಿಶ್ವವಿದ್ಯಾಲಯಗಳು ಸೇರಿ ಇದನ್ನು ಕಟ್ಟಿದವು. ಫ್ರಾನ್ಸಿನ ಟುಲೂಸ್, ಲಕ್ಸೆಂಬರ್ಗ್, ಜರ್ಮನಿಯ ಡುಸೆಲ್‌ಡಾರ್ಫ್, ಪೋಲೆಂಡಿನ ಕ್ರಾಕೋವ್, ಸ್ವೀಡನ್ನಿನ ಲುಲಿಯೋ. ಆಮೇಲೆ ಬೆಲ್ಜಿಯಂನ ನಾಮೂರ್‌ನಂಥವೂ ಸೇರಿಕೊಂಡವು. ಇಂಥ ಒಕ್ಕೂಟಗಳು ಯುರೋಪಿನಲ್ಲಿ ಈಗ ಅರವತ್ತಕ್ಕೂ ಜಾಸ್ತಿ ಇವೆ. 2017ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಪ್ಯಾರಿಸಿನ ಸೋರ್ಬಾನ್‌ನಲ್ಲಿ ಭಾಷಣ ಮಾಡುವಾಗ ಇದನ್ನು ಸೂಚಿಸಿದರು. 2019ರಲ್ಲಿ ಮೊದಲ 17 ಒಕ್ಕೂಟಗಳು ಆಯ್ಕೆಯಾದವು. ದುಡ್ಡು ಕೊಡುವುದು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಯೋಜನೆ, ವಿದ್ಯಾರ್ಥಿಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಓದಲು ಕಳಿಸುವ ಯೋಜನೆ ಅದು.

ಇದು ನಮಗೆ ಹೊಸದಲ್ಲ. ನಾಟಿ ಹೊತ್ತಿನಲ್ಲಿ ನಾವು ಮುಯ್ಯಾಳು ಹೋಗುತ್ತೇವಲ್ಲ, ಹಾಗೇ. ನಿಮ್ಮ ಗದ್ದೆಗೆ ಅವರು ಬರುತ್ತಾರೆ, ಅವರ ಗದ್ದೆಗೆ ನೀವು ಹೋಗುತ್ತೀರಿ. ಗದ್ದೆ ಅವರವರದೇ, ಕೈ ಮಾತ್ರ ಎಲ್ಲರದು. ಬಾಹ್ಯಾಕಾಶ ಅನ್ನುವುದು ಒಂದೇ ಊರು ಪೂರ್ತಿ ಕಲಿಸಬಲ್ಲ ವಿಷಯ ಅಲ್ಲ. ಟುಲೂಸ್ ವಿಮಾನ ಮತ್ತು ಉಪಗ್ರಹ ಕಟ್ಟುವ ಊರು. ಏರ್‌ಬಸ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ, ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯ ದೊಡ್ಡ ಕೇಂದ್ರವೂ ಅಲ್ಲಿದೆ. ಲಕ್ಸೆಂಬರ್ಗ್ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಎಷ್ಟೋ ಚಿಕ್ಕ ದೇಶ. ಆದರೆ ಬೇರೆ ಆಕಾಶಕಾಯಗಳ ಖನಿಜ ಯಾರಿಗೆ ಸೇರಬೇಕು ಅನ್ನುವುದಕ್ಕೆ 2017ರಲ್ಲೇ ಕಾನೂನು ಮಾಡಿತು. ಕ್ರಾಕೋವ್‌ನ ವಿಶ್ವವಿದ್ಯಾಲಯ ಹುಟ್ಟಿದ್ದೇ ಗಣಿಗಾರಿಕೆ ಕಲಿಸುವುದಕ್ಕೆ. ಒಬ್ಬರ ಹತ್ತಿರ ಕಾನೂನು, ಇನ್ನೊಬ್ಬರ ಹತ್ತಿರ ಗಣಿ, ಮತ್ತೊಬ್ಬರ ಹತ್ತಿರ ಉಪಗ್ರಹ.

ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸುವುದು ಸ್ವೀಡನ್ನಿನ ಕಿರುನಾ. ಲುಲಿಯೋ ವಿಶ್ವವಿದ್ಯಾಲಯದ ಬಾಹ್ಯಾಕಾಶ ವಿಭಾಗ ಇರುವುದು ಅಲ್ಲಿ. ಉತ್ತರ ಧ್ರುವವೃತ್ತಕ್ಕಿಂತಲೂ ಮೇಲಿರುವ ಊರು, ಕಬ್ಬಿಣದ ಗಣಿಯ ಊರು. ಗಣಿ ತೋಡಿ ತೋಡಿ ನೆಲ ಕುಸಿಯುತ್ತಿದೆ ಅಂತ ಊರನ್ನೇ ಪಕ್ಕಕ್ಕೆ ಸಾಗಿಸುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಹಳೇ ಮರದ ಚರ್ಚನ್ನು ಇಡಿಯಾಗಿ ಎತ್ತಿ 5 ಕಿಲೋಮೀಟರ್ ಆಚೆ ಇಟ್ಟರು. ಅಂಥ ಮೂಲೆಯ ಊರಿನಲ್ಲಿ ಯಾಕೆ ಬಾಹ್ಯಾಕಾಶದ ಪಾಠ ಅಂತ ಕೇಳಬಹುದು. ಭೂಮಿಯ ಫೋಟೋ ತೆಗೆಯುವ ಉಪಗ್ರಹಗಳು ಜಾಸ್ತಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಒಂದು ಸುತ್ತಿಗೆ ಸುಮಾರು 100 ನಿಮಿಷ, ದಿನಕ್ಕೆ 14 ಸುತ್ತು. ಕೆಳಗೆ ಭೂಮಿಯೂ ತಿರುಗುತ್ತಿರುವುದರಿಂದ ನಮ್ಮೂರ ಮೇಲೆ ಅದು ಹಾಯುವುದು ಕೆಲವೇ ಸಲ. ಧ್ರುವದ ಹತ್ತಿರ ಇರುವವರಿಗೆ ಹೆಚ್ಚಿನ ಸುತ್ತುಗಳಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿ ಆಂಟೆನಾ ಇಟ್ಟವರಿಗೆ ಮಾಹಿತಿ ಬೇಗ ಇಳಿಸಿಕೊಳ್ಳಬಹುದು. ನಮ್ಮ ದೇಶವೂ ಅಂಟಾರ್ಕ್ಟಿಕಾದ ಭಾರತಿ ಕೇಂದ್ರದಲ್ಲಿ ಆಂಟೆನಾ ಇಟ್ಟಿರುವುದು ಇದಕ್ಕೇ. ದೂರದ ಮೂಲೆ ಅನ್ನುವುದೇ ಕಿರುನಾಕ್ಕೆ ಬಲವಾಯಿತು. ಮಲೆನಾಡಿನ ಮಕ್ಕಳಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಒಕ್ಕೂಟದಲ್ಲಿ ವಿದ್ಯಾರ್ಥಿಗೆ ಸಿಗುವುದು ಏನು? ಅವಳು ಹೆಸರು ನೋಂದಾಯಿಸುವುದು ಒಂದೇ ಕಡೆ. ಆದರೆ ಒಂದು ಪಾಠ ಆನ್‌ಲೈನಿನಲ್ಲಿ ಇನ್ನೊಂದು ದೇಶದಿಂದ, ಒಂದು ವಾರದ ಪ್ರಾಕ್ಟಿಕಲ್ ಮತ್ತೊಂದು ಊರಿನಲ್ಲಿ, ಬೇಕಾದರೆ ಒಂದು ಸೆಮಿಸ್ಟರ್ ಮೂರನೇ ಕಡೆ. ಎಲ್ಲ ಕಡೆಯ ಕ್ರೆಡಿಟ್ಟೂ, ಅಂದರೆ ಎಷ್ಟು ಓದಿ ಮುಗಿಸಿದಳು ಅನ್ನುವ ಅಳತೆಯೂ, ಅವಳ ಲೆಕ್ಕಕ್ಕೇ ಜಮಾ ಆಗುತ್ತದೆ. ಯುರೋಪಿನಲ್ಲಿ ಒಂದು ವರ್ಷದ ಓದು ಅಂದರೆ 60 ಕ್ರೆಡಿಟ್. ಟುಲೂಸಿನಲ್ಲೂ 60, ಕ್ರಾಕೋವ್‌ನಲ್ಲೂ 60. ಅಳತೆ ಒಂದೇ ಆಗಿರುವುದರಿಂದಲೇ ಇಷ್ಟೆಲ್ಲ ನಡೆಯುತ್ತದೆ.

ನಿಮ್ಮ ಮಗಳು ಈಗಲೇ ಇದಕ್ಕೆ ಸೇರುವುದಕ್ಕೆ ಆಗುವುದಿಲ್ಲ. ಒಕ್ಕೂಟದ ಸೌಲಭ್ಯ ಆ ವಿಶ್ವವಿದ್ಯಾಲಯಗಳಲ್ಲಿ ದಾಖಲಾದವರಿಗೆ. ಬಿ.ಎಸ್ಸಿ. ಮುಗಿಸಿ ಅವುಗಳಲ್ಲಿ ಒಂದಕ್ಕೆ ಎಂ.ಎಸ್ಸಿ.ಗೆ ಸೇರಿದರೆ ಅವಳೂ ಆ ಮುಯ್ಯಾಳಿನಲ್ಲಿ ಒಬ್ಬಳು. ಆದರೆ ಖರ್ಚು ನೋಡಿಕೊಳ್ಳಿ. ಉದಾಹರಣೆಗೆ ಸ್ವೀಡನ್ 2011ರಿಂದ ಯುರೋಪಿನ ಹೊರಗಿನವರಿಗೆ ಫೀಸ್ ಹಾಕುತ್ತಿದೆ. ನಿಮ್ಮಂಥ ಮನೆಗೆ ಸರಿಯಾದ ದಾರಿ ಎರಾಸ್ಮಸ್ ಮುಂಡಸ್ ಅನ್ನುವ ಸ್ಕಾಲರ್‌ಶಿಪ್. ಕನಿಷ್ಠ ಎರಡು ದೇಶಗಳಲ್ಲಿ ಓದುವ ಎಂ.ಎಸ್ಸಿ. ಅದು. ಜಗತ್ತಿನ ಯಾವ ದೇಶದವರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಬೋಧನಾ ಶುಲ್ಕ ಇಲ್ಲ, ಜೊತೆಗೆ ತಿಂಗಳಿಗೆ 1400 ಯೂರೋ, ಅಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ. ಎರಡು ವರ್ಷದವರೆಗೆ. ಸ್ಪರ್ಧೆ ಕಠಿಣ. ಅರ್ಜಿ ಕರೆಯುವುದು ಹೆಚ್ಚಾಗಿ ಅಕ್ಟೋಬರಿನಿಂದ ಜನವರಿ ಒಳಗೆ. ಅವಳು ಮೂರನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ತಯಾರಿ ಶುರು ಮಾಡಲಿ. ಮೂರು ವರ್ಷದ ಡಿಗ್ರಿ ಸಾಕಾ ಅನ್ನುವುದು ಕೋರ್ಸಿನಿಂದ ಕೋರ್ಸಿಗೆ ಬೇರೆ, ಕೋರ್ಸಿನ ನಿಯಮದಲ್ಲಿ ಅದನ್ನು ಎರಡು ಸಲ ಓದಿಕೊಳ್ಳಲಿ.

ಇನ್ನೊಂದು ಮಾತು. ಬಾಹ್ಯಾಕಾಶ ಅಂದರೆ ರಾಕೆಟ್ ಮಾತ್ರ ಅಲ್ಲ. ನಿಮ್ಮ ತೋಟದ ಎಲೆಚುಕ್ಕಿಯೂ ಬಾಹ್ಯಾಕಾಶದ ಪಾಠವೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. 9 ಅಡಿಗೆ ಒಂದರಂತೆ ಗಿಡ ಹಾಕಿದ ತೋಟದಲ್ಲಿ ಒಂದು ಚುಕ್ಕೆಗೆ ಸುಮಾರು 13 ಮರ ಬರುತ್ತವೆ. ಒಂದೊಂದು ಮರ ಕಾಣುವುದಿಲ್ಲ, ತೋಟದ ಯಾವ ಮೂಲೆ ಸೊರಗುತ್ತಿದೆ ಅನ್ನುವುದು ಕಾಣಬಹುದು. ಆರೋಗ್ಯದ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ. ಕಾಯಿಲೆಯ ಎಲೆಯಲ್ಲಿ ಅದು ಕಮ್ಮಿಯಾಗುತ್ತದೆ. ಈ ಬೇಸಿಗೆ ರಜೆಯಲ್ಲಿ ಮಗಳು ನಿಮ್ಮ ತೋಟದ ಐದು ವರ್ಷದ ಚಿತ್ರ ಇಳಿಸಿಕೊಂಡು, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ವರ್ಷ ಯಾವ ಕಡೆಯಿಂದ ರೋಗ ಶುರುವಾಯಿತು ಅಂತ ಕೇಳಿ ಬರೆದುಕೊಳ್ಳಲಿ. ಅದಕ್ಕೆ ಬೇಕಾದ ಪಾಠ ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಆನ್‌ಲೈನಿನಲ್ಲಿ ಫೀಸಿಲ್ಲದೆ ಕಲಿಸುತ್ತದೆ. ಅರ್ಜಿಯ ಜೊತೆ ಬರೆಯುವ ಆ ಎರಡು ಪುಟಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. ಟುಲೂಸಿನ ಹುಡುಗರ ಹತ್ತಿರ ನಿಮ್ಮ ತೋಟ ಇಲ್ಲ, ಅಲ್ವಾ?

ಪ್ರಶ್ನೆ: ಹೊರದೇಶದಲ್ಲಿ ಇಷ್ಟು ಸುಲಭವಾಗಿ ಕ್ರೆಡಿಟ್ ಓಡಾಡುತ್ತದೆ. ನಮ್ಮಲ್ಲಿ ಪಕ್ಕದ ವಿಶ್ವವಿದ್ಯಾಲಯಕ್ಕೂ ಹೋಗುವುದು ಕಷ್ಟ. ಮಲೆನಾಡಿನಲ್ಲಿ ಇಂಥದ್ದು ಸಾಧ್ಯವೇ?
– ಒಬ್ಬ ಅತಿಥಿ ಉಪನ್ಯಾಸಕ, ಸಾಗರ

ಉತ್ತರ: ಈ ಪ್ರಶ್ನೆ ಓದಿದಾಗ ನನ್ನದೇ ಹಳೇ ನೋವು ನೆನಪಾಯಿತು. ನಾನು ಬಿ.ಎಸ್ಸಿ. ಎರಡು ವರ್ಷ ಮುಗಿಸಿದ್ದಾಗ ಮದುವೆಯಾಗಿ ಈ ಕಡೆ ಬಂದೆ. ಇಲ್ಲಿ ಓದು ಮುಂದುವರಿಸಲು ಹೋದರೆ, ನಿಮ್ಮ ಪೇಪರುಗಳು ನಮ್ಮ ಪೇಪರುಗಳಿಗೆ ಹೊಂದುವುದಿಲ್ಲ ಅಂದರು. ಅದೇ ನ್ಯೂಟನ್, ಅದೇ ಲೆನ್ಸ್, ಅದೇ ಲಾಗ್ ಟೇಬಲ್. ಮತ್ತೆ ಮೊದಲನೇ ವರ್ಷದಿಂದ ಕೂತೆ. ಮನೆಯವರು ಬೆಂಬಲವಾಗಿ ನಿಂತರು ಅಂತ ಮುಗಿಸಿದೆ. ಜೊತೆಯಲ್ಲಿ ಹಾಗೇ ಬಂದಿದ್ದ ಇನ್ನೊಬ್ಬಳು ಮುಗಿಸಲಿಲ್ಲ. ಗಣಿತದಲ್ಲಿ ನನಗಿಂತ ಜಾಣೆ. 31 ವರ್ಷ ಪಾಠ ಮಾಡಿದೆ, ಅವಳು ಮಾಡಬೇಕಿದ್ದ ಪಾಠ ಅಂತ ಎಷ್ಟೋ ಸಲ ಅನ್ನಿಸಿದೆ.

ಯುರೋಪಿನಲ್ಲೂ ಇದು ಒಂದೇ ದಿನಕ್ಕೆ ಆಗಲಿಲ್ಲ. ಎರಾಸ್ಮಸ್ ಶುರುವಾದದ್ದು 1987ರಲ್ಲಿ. ನಮ್ಮ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ 1987ರಲ್ಲಿ. 1999ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ 29 ದೇಶಗಳ ಮಂತ್ರಿಗಳು ಕೂತು, ಡಿಗ್ರಿಯ ಅಳತೆ ಒಂದಾಗಲಿ ಅಂತ ಸಹಿ ಹಾಕಿದರು. ಬಾಹ್ಯಾಕಾಶದ ಒಕ್ಕೂಟ ಬಂದದ್ದು ಅದಾದ 21 ವರ್ಷಕ್ಕೆ. ನಮ್ಮಲ್ಲೂ 2021ರಿಂದ ಕ್ರೆಡಿಟ್ ಬ್ಯಾಂಕ್ ಅಂತ ಇದೆ, ವಿದ್ಯಾರ್ಥಿಯ ಖಾತೆಯಲ್ಲಿ ಕ್ರೆಡಿಟ್ ಕೂಡಿಡುವ ವ್ಯವಸ್ಥೆ. ಖಾತೆ ಇದ್ದರೆ ಸಾಲದು. ನಿಮ್ಮ ಕ್ರೆಡಿಟ್ ನಾನು ಒಪ್ಪುತ್ತೇನೆ ಅಂತ ಎರಡು ವಿಭಾಗಗಳು ಎದುರುಬದುರು ಕೂತು ಬರೆದುಕೊಳ್ಳಬೇಕು.

ಸಾಧ್ಯವೇ ಅಂದಿರಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ, ಭೂವಿಜ್ಞಾನ ವಿಭಾಗಗಳಿವೆ. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಪೊನ್ನಂಪೇಟೆಯ ಅರಣ್ಯ ಕಾಲೇಜು ಅದಕ್ಕೇ ಸೇರಿದ್ದು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಒಬ್ಬರಿಗೆ ರೋಗ ಗೊತ್ತು, ಒಬ್ಬರಿಗೆ ಮಣ್ಣು ಗೊತ್ತು, ಒಬ್ಬರಿಗೆ ಕಂಪ್ಯೂಟರ್ ಗೊತ್ತು. ಎಲೆಚುಕ್ಕಿಯನ್ನು ಮೇಲಿನಿಂದ ನೋಡುವುದು ಹೇಗೆ ಅಂತ ಒಂದೇ ಒಂದು ಪೇಪರ್ ಇವರೆಲ್ಲ ಸೇರಿ ಮಾಡಲಿ. ಎರಾಸ್ಮಸ್‌ನಲ್ಲಿ ಐದು ದಿನ ಒಟ್ಟಿಗೆ ಸೇರಿ, ಉಳಿದದ್ದು ಆನ್‌ಲೈನಿನಲ್ಲಿ ಮುಗಿಸಿ, 3 ಕ್ರೆಡಿಟ್ ಪಡೆಯುವ ಪದ್ಧತಿ ಇದೆ. ಅಂಥ ಐದು ದಿನ ಒಂದು ತೋಟದ ಮನೆಯಲ್ಲೇ ಮಾಡಬಹುದು. ಸರ್, ನೀವು ಅತಿಥಿ ಉಪನ್ಯಾಸಕರು, ನಿಮ್ಮ ಕೈಯಲ್ಲಿ ಅಧಿಕಾರ ಇಲ್ಲ ಅಂತ ಗೊತ್ತು. ಆದರೆ ಇರುವಕ್ಕಿಯ ಒಬ್ಬ ವಿಜ್ಞಾನಿಯನ್ನು ನಿಮ್ಮ ತರಗತಿಗೆ ಒಂದು ಮಧ್ಯಾಹ್ನ ಕರೆಸುವುದಕ್ಕೆ ಯಾರ ಆದೇಶವೂ ಬೇಕಿಲ್ಲ. ಸಾಗರದಿಂದ ಇರುವಕ್ಕಿ ದೂರವೂ ಅಲ್ಲ. ದಯವಿಟ್ಟು ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ನಾನು ಆಗುಂಬೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ 8ನೇ ತರಗತಿ. ನಮ್ಮೂರಲ್ಲಿ ಮಳೆಗಾಲದಲ್ಲಿ ನಾಲ್ಕು ತಿಂಗಳು ಆಕಾಶವೇ ಕಾಣಲ್ಲ. ನಾನು ಬಾಹ್ಯಾಕಾಶ ಓದಬಹುದಾ ಟೀಚರ್?

ಉತ್ತರ: ಓದಬಹುದು ಪುಟ್ಟಿ. ನಿನಗೆ ಆಕಾಶ ಕಾಣದ ಹಾಗೆ, ಮೇಲಿರುವ ಎಷ್ಟೋ ಉಪಗ್ರಹಗಳಿಗೆ ನಿಮ್ಮೂರೂ ಕಾಣುವುದಿಲ್ಲ. ಮೋಡ ಅಡ್ಡ. ಅದಕ್ಕೇ ವಿಜ್ಞಾನಿಗಳು ರೇಡಾರ್ ಉಪಗ್ರಹ ಮಾಡಿದರು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ನೈಸಾರ್ ಅನ್ನುವ ಉಪಗ್ರಹ ಹೋಯಿತು. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ಮಾಡಿದ್ದು. ಅದೂ ಮುಯ್ಯಾಳಿನ ಕೆಲಸವೇ. ಅದರ ಒಂದು ರೇಡಾರಿನ ಅಲೆ 24 ಸೆಂಟಿಮೀಟರ್ ಉದ್ದ, ಸುಮಾರು ನಿನ್ನ ಒಂದು ಗೇಣು ಚಾಚಿದರೆ ಎಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿ. ಮೋಡದ ಹನಿಗಳು ತೀರಾ ಸಣ್ಣವು. ಅಷ್ಟು ಉದ್ದದ ಅಲೆಗೆ ಅವು ಅಡ್ಡಿಯೇ ಆಗುವುದಿಲ್ಲ, ದಾಟಿಕೊಂಡು ಬಂದು ನಿಮ್ಮೂರ ಗುಡ್ಡ ಮುಟ್ಟಿ ವಾಪಸ್ ಹೋಗುತ್ತದೆ. ರಾತ್ರಿಯೂ ಕೆಲಸ ಮಾಡುತ್ತದೆ. ಗುಡ್ಡ ಒಂದೆರಡು ಸೆಂಟಿಮೀಟರ್ ಜಾರಿದರೂ ಅದಕ್ಕೆ ಗೊತ್ತಾಗಬಹುದು.

ಮುಂದಿನ ವರ್ಷ ನೀನು 9ನೇ ತರಗತಿ. ಇಸ್ರೋ ಬೇಸಿಗೆ ರಜೆಯಲ್ಲಿ 9ನೇ ತರಗತಿ ಮಕ್ಕಳಿಗೆ ಅಂತಲೇ ಯುವಿಕಾ ಅನ್ನುವ ಶಿಬಿರ ಮಾಡುತ್ತದೆ, 2019ರಿಂದ. ಹಳ್ಳಿ ಶಾಲೆಯವರಿಗೆ ಆಯ್ಕೆಯಲ್ಲಿ ವಿಶೇಷ ಅಂಕ ಇದೆ. ನಿಮ್ಮ ವಿಜ್ಞಾನ ಟೀಚರಿಗೆ ಈ ಪುಟ ತೋರಿಸು.

ಅಲ್ಲಿಯವರೆಗೆ ಒಂದು ಕೆಲಸ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬ ತಗೋ. ಮರ, ಮಾಡು ಯಾವುದರ ನೀರೂ ಬೀಳದ ಹಾಗೆ ಅಂಗಳದ ನಡುವೆ ಇಡು. ನಿಮ್ಮಲ್ಲಿ ಒಂದೇ ದಿನಕ್ಕೆ ತುಂಬಿ ಹರಿಯುವಷ್ಟು ಮಳೆ ಬರುತ್ತದೆ, ಅದಕ್ಕೆ ಒಂದಡಿಗಿಂತ ಎತ್ತರದ್ದೇ ಆಗಲಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ, ನೀನೂ ಅದೇ ಹೊತ್ತಿಗೆ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ಅಂತ ಬರೆದು, ನೀರು ಚೆಲ್ಲಿ, ಡಬ್ಬವನ್ನು ಮತ್ತೆ ಅಲ್ಲೇ ಇಡು. ಮೇಲಿನ ಉಪಗ್ರಹ ಅಂದಾಜು ಮಾಡಿದ ಮಳೆ ಸರಿಯೋ ತಪ್ಪೋ ಅಂತ ತಾಳೆ ನೋಡುವುದು ನೆಲದ ಮೇಲೆ ಅಳೆದ ಇಂಥ ಲೆಕ್ಕದಿಂದಲೇ. ಜೂನ್ 1ಕ್ಕೆ ಶುರು ಮಾಡು. ಒಂದು ದಿನವೂ ಬಿಡಬೇಡ, ಮಳೆ ಬರದ ದಿನ ಸೊನ್ನೆ ಬರೆ. ದಸರಾ ರಜೆಯಲ್ಲಿ ಆ ಪುಸ್ತಕದ ಪುಟಗಳನ್ನು ನಕಲು ಮಾಡಿ ನನಗೆ ಕಳಿಸು. ಕಾಯುತ್ತಿರುತ್ತೇನೆ.