ಕೊಕ್ಕೆ, ಮುಚ್ಚಳ ಮತ್ತು ಗರಗಸದ ಹಲ್ಲು

ಪ್ರಶ್ನೆ: ಎಬಿಎಸ್ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಕೊಕ್ಕೆ ವಿನ್ಯಾಸ ಮಾಡುತ್ತಿದ್ದೇನೆ. ಉದ್ದ 12 ಮಿ.ಮೀ., ದಪ್ಪ 1.5 ಮಿ.ಮೀ. ಫೈನೈಟ್ ಎಲಿಮೆಂಟ್ (ವಸ್ತುವನ್ನು ಸಣ್ಣ ತುಣುಕುಗಳಾಗಿಸಿ ಲೆಕ್ಕ ಹಾಕುವ) ತಂತ್ರಾಂಶದಲ್ಲಿ ಮುಚ್ಚಳದ ಮೇಲೆ ಬಲ ಹಾಕಿದರೆ ಸ್ಟ್ಯಾಟಿಕ್ ಲೆಕ್ಕ (ಜಡತ್ವವನ್ನು ಗಣಿಸದ್ದು) ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತದೆ. ಟ್ರಾನ್ಸಿಯೆಂಟ್ (ಕಾಲದೊಂದಿಗೆ ಚಲನೆಯನ್ನೂ ಲೆಕ್ಕಿಸುವುದು) ಓಡುತ್ತದೆ, ಆದರೆ ಬಲದ ಗೆರೆ ಗರಗಸದ ಹಲ್ಲಿನಂತಿದೆ. ಯಾವುದನ್ನು ನಂಬಲಿ?
– ಒಬ್ಬ ಓದುಗರು, ಪೀಣ್ಯ

ಉತ್ತರ: ಗರಗಸವನ್ನಂತೂ ನಂಬಬೇಡಿ. ಸ್ಟ್ಯಾಟಿಕ್ ನಿಂತಿತೆಂದು ಟ್ರಾನ್ಸಿಯೆಂಟ್‌ಗೆ ಹಾರುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ನಾನೂ ಹಿಂದೊಮ್ಮೆ ಕೊಯ್ದುಕೊಂಡವನೇ. ಎರಡು ರಾತ್ರಿ ಕಂಪ್ಯೂಟರ್ ಓಡಿಸಿದ್ದಕ್ಕೆ ಸಿಕ್ಕಿದ್ದು ಪ್ಲಾಸ್ಟಿಕ್ಕಿನ ನಡುಕ ಮಾತ್ರ.

ಮುಚ್ಚಳಕ್ಕೂ ಡಬ್ಬಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು, ನೋಡಿ. ತಾಗುವವರೆಗೆ ಮುಚ್ಚಳವನ್ನು ತಡೆಯುವವರಿಲ್ಲ. ಸ್ಟ್ಯಾಟಿಕ್ ಸಮೀಕರಣದಲ್ಲಿ ದ್ರವ್ಯರಾಶಿಯ ಮಾತೇ ಬರುವುದಿಲ್ಲ. ಆ ದಿಕ್ಕಿನಲ್ಲಿ ಬಿಗಿತ ಸೊನ್ನೆಯಾದರೆ ಉತ್ತರವೂ ಇಲ್ಲ. ಟ್ರಾನ್ಸಿಯೆಂಟ್‌ನಲ್ಲಿ ಜಡತ್ವ ಆ ಬಲವನ್ನು ಹೊರುತ್ತದೆ, ಲೆಕ್ಕ ಸಾಗುತ್ತದೆ. ಆದರೆ ಅಷ್ಟರಲ್ಲಿ ಮುಚ್ಚಳ ವೇಗ ಪಡೆದು, ಡಬ್ಬಿಗೆ ಬಡಿದು ಪುಟಿಯುತ್ತದೆ. ನಿಮ್ಮ ಗರಗಸ ಹುಟ್ಟುವುದು ಅಲ್ಲೇ.

ಬಲದ ಬದಲು ಸ್ಥಾನಾಂತರ ಕೊಡಿ. ಮುಚ್ಚಳವನ್ನು ಇಷ್ಟು ಮಿ.ಮೀ. ಇಳಿಸು ಎನ್ನಿ, ಬೇಕಾದ ಬಲವನ್ನು ಪ್ರತಿಕ್ರಿಯೆಯಿಂದ ಓದಿಕೊಳ್ಳಿ. ಕೊಕ್ಕೆ ಬಾಗುತ್ತಾ ಬಲ ಏರಿ, ತುದಿ ದಾಟುತ್ತಿದ್ದಂತೆ ಕುಸಿಯುತ್ತದಲ್ಲ, ಆ ಇಳಿಜಾರಿನಲ್ಲಿ ಬಲವನ್ನೇ ಹೆಚ್ಚಿಸುತ್ತಾ ಹೋದರೆ ಲೆಕ್ಕಕ್ಕೆ ಕಾಲೂರಲು ಜಾಗವಿರುವುದಿಲ್ಲ.

ಇನ್ನು ಜಡತ್ವ ಬೇಕೋ ಬೇಡವೋ ಎಂಬುದಕ್ಕೆ ತಂತ್ರಾಂಶವೇ ಬೇಡ, ಒಂದು ಚೀಟಿ ಸಾಕು. ಯಂಗ್ ಗುಣಾಂಕ (ವಸ್ತು ಎಷ್ಟು ಬಿಗಿ ಎಂಬುದರ ಅಳತೆ) 2.2 ಗಿಗಾಪ್ಯಾಸ್ಕಲ್, ಸಾಂದ್ರತೆ ಘನ ಮೀಟರಿಗೆ 1050 ಕೆ.ಜಿ. ಎಂದಿಟ್ಟುಕೊಂಡರೆ ನಿಮ್ಮ ಕೊಕ್ಕೆಯ ಮೊದಲ ಸಹಜ ಆವರ್ತನ ಸುಮಾರು 2,400 ಹರ್ಟ್ಸ್. ಒಂದು ಓಲಾಟಕ್ಕೆ 0.4 ಮಿಲಿಸೆಕೆಂಡ್. ಕೈಯಿಂದ ಮುಚ್ಚಲು ಅರ್ಧ ಸೆಕೆಂಡ್ ಹಿಡಿಯಿತೆನ್ನಿ, ಸಾವಿರ ಪಟ್ಟಿಗೂ ಹೆಚ್ಚಾಯಿತು. ಇಷ್ಟು ನಿಧಾನದ ಕೆಲಸಕ್ಕೆ ಸ್ಟ್ಯಾಟಿಕ್ ಧಾರಾಳ ಸಾಕು.

‘ಟಕ್’ ಎನ್ನುವ ಆ ಕ್ಷಣ ಮಾತ್ರ ಬೇರೆ. ತುದಿ ದಾಟಿದ ಕೊಕ್ಕೆ ಚಿಮ್ಮಿ ವಾಪಸಾಗುವಾಗ ಸ್ಟ್ಯಾಟಿಕ್ ತಡವರಿಸಿದರೆ ಅದರ ತಪ್ಪಲ್ಲ. ಆ ತುಣುಕಿಗಷ್ಟೇ ಇಂಪ್ಲಿಸಿಟ್ (ಪ್ರತಿ ಹೆಜ್ಜೆಯಲ್ಲೂ ಸಮತೋಲನ ಸರಿಹೊಂದಿಸಿ ಮುಂದುವರಿಯುವ) ಟ್ರಾನ್ಸಿಯೆಂಟ್ ಹಾಕಿ, ಕಾಲದ ಹೆಜ್ಜೆ 20 ಮೈಕ್ರೊಸೆಕೆಂಡ್ ಮೀರದಿರಲಿ.

ಕೊಕ್ಕೆಯ ಬುಡ ಚೂಪಾಗಿದೆಯೋ ದುಂಡಗಿದೆಯೋ ನೀವು ಬರೆದಿಲ್ಲ. ಚೂಪಾಗಿದ್ದರೆ ಇದೆಲ್ಲಕ್ಕೂ ಮೊದಲು ಅದನ್ನು ದುಂಡಗೆ ಮಾಡಿಸಿ. ಅಲ್ಲೇ ಮುರಿದ ಕೊಕ್ಕೆಗಳು ನನ್ನ ಮೇಜಿನ ಖಾನೆಯಲ್ಲಿ ಒಂದು ಹಿಡಿ ಇವೆ.